ಚಪ್ಪಲಿ ಹಾಕ್ಕೊಂಡು ಮುಟ್ಟು

ಕಳೆದ ವರ್ಷ ಗೌರಿ-ಗಣೇಶ ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ. ಬೆಳಗ್ಗೆ ಜಡಿಮಳೆ ಹಿಡಿದಿತ್ತು. ಅಮ್ಮ ಒಬ್ಬಟ್ಟಿನ ಕೆಲಸದಲ್ಲಿದ್ದಳು, ಅಪ್ಪ ಡೇರಿಗೆ ಹಾಲು ಹಾಕೋಕೆ ಹೋಗಿದ್ದರು. ಹಸುಗಳಿಗೆ ಮೇವು ನಾನೇ ಕತ್ತರಿಸೋಣ ಅಂತ ಕೊಟ್ಟಿಗೆ ಪಕ್ಕ ಇರೋ ಮೇವು ಕತ್ತರಿಸುವ ಮೆಷಿನ್ ಹತ್ತಿರ ಹೋದೆ. ಅಡುಗೆಮನೆ ಕಿಟಕಿಯಿಂದ ಅಮ್ಮ ಕೂಗಿದಳು: "ಏಯ್, ಬರಿಗಾಲಲ್ಲಿ ಹೋಗ್ಬೇಡ್ವೇ. ಚಪ್ಪಲಿ ಹಾಕ್ಕೊಂಡು ಮುಟ್ಟು!"

"ಯಾಕಮ್ಮ?"

"ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೆ. ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಲ್ಲ."

ಉಪ್ಪು ಸ್ವಲ್ಪ ಜಾಸ್ತಿ ಆಗಿದೆ ಅನ್ನೋ ಹಾಗೆ ಹೇಳಿಬಿಟ್ಟಳು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದರೆ, "ಮೆಷಿನ್ ತಂದಾಗಿಂದಾನೂ ಹಿಂಗೇನೆ, ಮಳೆ ಬಂದಾಗ ಸ್ವಲ್ಪ ಜಾಸ್ತಿ" ಅಂದಳು. ಮೆಷಿನ್ ತಂದು ಎರಡು ವರ್ಷ ಆಗಿತ್ತು. ಆ ಎರಡು ವರ್ಷದಲ್ಲಿ ನಾನು ಕಮ್ಮಿ ಅಂದರೂ ಮೂವತ್ತು ಸಲ ಊರಿಗೆ ಬಂದುಹೋಗಿದ್ದೆ.

ಆ ಮೆಷಿನ್‌ಗೆ ಕರೆಂಟ್ ಬರುತ್ತಿದ್ದದ್ದು ಅಡುಗೆಮನೆಯಿಂದ. ಮಿಕ್ಸಿ ಹಾಕೋ ಪ್ಲಗ್ಗಿಗೆ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ, ಅದರ ವೈರನ್ನು ಕಿಟಕಿ ಸರಳಿನ ಸಂದಿಯಿಂದ ಹೊರಗೆ ಎಳೆದು, ಬಾಕ್ಸ್ ನೆನೆಯದಿರಲಿ ಅಂತ ಅದರ ಮೇಲೆ ಹಾಲಿನ ಕವರ್ ಕಟ್ಟಿದ್ದರು. ಬಾಕ್ಸಿನಲ್ಲಿ ಇದ್ದದ್ದು ಎರಡು ತೂತು, ಮೆಷಿನ್ ಪ್ಲಗ್ಗಿಗೆ ಮೂರು ಪಿನ್ನು. ಹಾಗಾಗಿ ಮೇಲಿನ ದಪ್ಪ ಪಿನ್ನನ್ನು ಯಾರೋ ಬಿಚ್ಚಿ ತೆಗೆದಿದ್ದರು. ಆ ಪಿನ್ನು ಉಳಿದೆರಡಕ್ಕಿಂತ ಉದ್ದ ಇರುವುದೇ ಪ್ಲಗ್ ಹಾಕುವಾಗ ಅದು ಎಲ್ಲಕ್ಕಿಂತ ಮೊದಲು ಕೂಡಲಿ, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಲಿ ಅಂತ. ಅದು ಅರ್ಥ್ ಪಿನ್ನು. ಮೆಷಿನ್ನಿನ ಕಬ್ಬಿಣದ ಮೈಗೆ ಕರೆಂಟ್ ಸೋರಿದರೆ ಅದು ನಮ್ಮ ಮೈಮೇಲೆ ಹಾದು ಹೋಗದೆ ನೆಲಕ್ಕೆ ಇಳಿಯುವ ದಾರಿ ಅದೊಂದೇ. ನಮ್ಮನೇಲಿ ಆ ದಾರಿಯ ಕೆಲಸವನ್ನು ಅಮ್ಮನ ಹವಾಯಿ ಚಪ್ಪಲಿ ಮಾಡುತ್ತಿತ್ತು. ದಾರಿ ಅಂತಲೂ ಅಲ್ಲ, ಬರೀ ಅಡ್ಡಗೋಡೆ. ಅದೂ ಒಣಗಿರುವವರೆಗೆ ಮಾತ್ರ.

ಹಬ್ಬ ಮುಗಿದ ಮೇಲೆ ಮಾತು ತೆಗೆದೆ. ಹೊರಗೆ ಗೋಡೆ ಮೇಲೆ ಒಂದು ಸರಿಯಾದ ಪ್ಲಗ್ ಪಾಯಿಂಟ್ ಹಾಕಿಸೋಣ ಅಂದೆ. ಅಪ್ಪ ಆಗಲೇ ವಿಚಾರಿಸಿದ್ದರಂತೆ. ಊರಲ್ಲೇ ವೈರಿಂಗ್ ಕೆಲಸ ಮಾಡೋ ಹುಡುಗನೊಬ್ಬ 1,200 ರೂಪಾಯಿ ಹೇಳಿದ್ದ. ಜಗಲಿ ಮೇಲಿನ ಬಲ್ಬಿನ ಪಾಯಿಂಟಿನಿಂದ ವೈರ್ ಎಳೆದು ಅರ್ಧ ಗಂಟೇಲಿ ಮುಗಿಸ್ತೀನಿ ಅಂದಿದ್ದನಂತೆ. "ಅಷ್ಟಕ್ಕೆ ಅಷ್ಟೊಂದು ಯಾಕೆ ಅಂತ ಸುಮ್ಮನಾದೆ" ಅಂದರು ಅಪ್ಪ.

ಬಲ್ಬಿಗೆ ಅಂತ ಹಾಕಿದ ವೈರ್ ತೆಳ್ಳಗಿರುತ್ತೆ. ನಮ್ಮ ಮೆಷಿನ್ ಎರಡು ಎಚ್‌ಪಿಯದು, ಓಡುವಾಗಲೇ ಹತ್ತು ಹನ್ನೆರಡು ಆಂಪಿಯರ್ ಎಳೆಯುತ್ತೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಆ ವೈರ್ ಗೋಡೆಯೊಳಗೇ ಕಾದು ಕರಗಿದರೆ ನಮಗೆ ಗೊತ್ತಾಗುವುದು ಹೊಗೆ ಬಂದಾಗಲೇ. ಇಷ್ಟು ಹೇಳಿ, ಶಿಡ್ಲಘಟ್ಟದಿಂದ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಐವತ್ತು ದಾಟಿದವರು. ನಮ್ಮ ಕಡೆಯ ತೆಲುಗು ಬೆರೆತ ಕನ್ನಡ. ಮೊದಲು ಅಪ್ಪನ ಹತ್ತಿರವೇ ಮಾತಾಡುತ್ತಿದ್ದರು. ಮಗಳು ಇಂಜಿನಿಯರ್ ಅಂತ ಅಮ್ಮ ಹೇಳಿದ ಮೇಲೆ ನನ್ನ ಕಡೆ ತಿರುಗಿದರು.

ಅವರು ಮೆಷಿನ್ನಿಗೆ ಟೆಸ್ಟರ್ ಇಟ್ಟರು. ಮಿಣುಕ್ ಅಂತ ಉರಿಯಿತು. ಆಮೇಲೆ ಮೀಟರ್ ಬೋರ್ಡಿನ ಮುಚ್ಚಳ ಬಿಚ್ಚಿದರು. ಒಳಗೆ ಎಲ್ಲಾ ರೂಮುಗಳಿಂದ ಬಂದ ಹಸಿರು ವೈರುಗಳನ್ನು ಒಟ್ಟಿಗೆ ಹುರಿ ಮಾಡಿ, ಟೇಪ್ ಸುತ್ತಿ, ಮೂಲೆಗೆ ತುರುಕಿತ್ತು. "ನೋಡಮ್ಮ" ಅಂದರು, "ಅರ್ಥ್ ವೈರ್ ಎಲ್ಲಾ ಇದೆ, ಆದ್ರೆ ಅದು ಎಲ್ಲಿಗೂ ಹೋಗಿಲ್ಲ. ಗುಂಡಿನೇ ತೋಡಿಲ್ಲ."

ನನಗೆ ಮುಖ ಎಲ್ಲಿಡೋದು ತಿಳಿಯಲಿಲ್ಲ. ಮೊದಲು ನಮ್ಮದು ಹೆಂಚಿನ ಮನೆ. ಅಜ್ಜಿ ಕಾಲದಲ್ಲಿ ಭಾಗ್ಯಜ್ಯೋತಿಯ ಒಂದೇ ಬಲ್ಬು. ಆರ್‌ಸಿಸಿ ಮನೆ ಕಟ್ಟಿ ವೈರಿಂಗ್ ಮಾಡಿಸಿದಾಗ ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಅದರ ಹಿಂದಿನ ವರ್ಷವಷ್ಟೇ ಎಲ್ಲರಿಗೂ ಕಡ್ಡಾಯವಾಗಿದ್ದ ಬೇಸಿಕ್ ಎಲೆಕ್ಟ್ರಿಕಲ್ ಪೇಪರಿನಲ್ಲಿ ಪೈಪ್ ಅರ್ಥಿಂಗ್ ಚಿತ್ರ ಬಿಡಿಸಿ ಬಂದಿದ್ದೆ. ಪೈಪು, ಅದರ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮೇಲೆ ನೀರು ಹಾಕೋ ಫನಲ್ಲು. ಸ್ಕೇಲ್ ಇಟ್ಟು ಗೆರೆ ಎಳೆದಿದ್ದೆ. ರಜಕ್ಕೆ ಬಂದಾಗ ಸ್ವಿಚ್ ಬೋರ್ಡಿನ ಬಣ್ಣ ಆರಿಸಿದವಳೂ ನಾನೇ. ಗುಂಡಿ ಎಲ್ಲಿ ತೋಡಿದ್ದೀರಿ ಅಂತ ಒಂದು ಮಾತು ಕೇಳಬೇಕು ಅನ್ನಿಸಲೇ ಇಲ್ಲ.

ಎಲೆಕ್ಟ್ರಿಷಿಯನ್ ಕೂತು ಲೆಕ್ಕ ಬರೆದುಕೊಟ್ಟರು. ಕೊನೆಗೆ ನಮಗೆ ಬಿದ್ದ ಖರ್ಚನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾರಿಗಾದರೂ ಉಪಯೋಗ ಆಗಬಹುದು. ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ಹೆಚ್ಚುಕಮ್ಮಿ ಇರುತ್ತೆ.

ಮುಚ್ಚಳ ಇರುವ, ನೀರು ಧೂಳು ಹೋಗದ ಬಾಕ್ಸು, ಅದರೊಳಗೆ 16 ಆಂಪಿಯರ್ ಸಾಕೆಟ್ ಮತ್ತು ಸ್ವಿಚ್ಚು: 850. ಬೋರ್ಡಿನಿಂದ ಹೊರಗಿನ ಗೋಡೆವರೆಗೆ 15 ಮೀಟರ್ ದೂರ. ಅದಕ್ಕೆ 4 ಚದರ ಮಿಲಿಮೀಟರಿನ ಕೆಂಪು, ಕಪ್ಪು ವೈರ್, 2.5ರ ಹಸಿರು ವೈರ್: 1,980. ಪೈಪು, ಬೆಂಡು, ಕ್ಲಾಂಪು, ಸ್ಕ್ರೂ: 420. ಎಂಸಿಬಿ ಮತ್ತು ಅದರ ಡಬ್ಬಿ: 450. ಇಡೀ ಮನೆಗೆ ಸೇರಿ ಒಂದು ಆರ್‌ಸಿಸಿಬಿ: 2,100. ಅರ್ಥಿಂಗಿಗೆ ಎಂಟಡಿ ಜಿಐ ಪೈಪು 1,600, ಇದ್ದಿಲು ಉಪ್ಪು 400, ಗುಂಡಿಯಿಂದ ಬೋರ್ಡಿಗೆ ವೈರು 650, ಗುಂಡಿ ತೋಡಿದ ಕೂಲಿ 1,200. ಎಲೆಕ್ಟ್ರಿಷಿಯನ್ ಕೂಲಿ 1,500. ಒಟ್ಟು 11,150 ರೂಪಾಯಿ.

ಅಪ್ಪ ಚೀಟಿಯನ್ನು ಎರಡು ಸಲ ಓದಿದರು. 2023ರಿಂದ ಗೃಹಜ್ಯೋತಿ ಬಂದು ನಮ್ಮನೆಗೆ ಸೊನ್ನೆ ಬಿಲ್ಲು. "ಅಲ್ಲಮ್ಮ, ಕರೆಂಟೇ ಫ್ರೀ ಕೊಡ್ತಾರೆ, ಪ್ಲಗ್ಗಿಗೆ ಹನ್ನೊಂದು ಸಾವಿರಾನಾ? ಒಂದೂವರೆ ಬಟವಾಡೆ ದುಡ್ಡು ಇದು" ಅಂದರು. ನಮ್ಮ ಕಡೆ ಡೇರಿ ದುಡ್ಡು ಹದಿನೈದು ದಿನಕ್ಕೊಮ್ಮೆ ಬರುತ್ತೆ. ಅಪ್ಪ ಎಲ್ಲ ಖರ್ಚನ್ನೂ ಬಟವಾಡೆ ಲೆಕ್ಕದಲ್ಲೇ ಅಳೆಯೋದು.

ದುಡ್ಡು ನಾನು ಕೊಡ್ತೀನಿ ಅಂದೆ. ಅದು ಅವರಿಗೆ ಇನ್ನೂ ಬೇಜಾರಾಯಿತು. "ದುಡ್ಡಿನ ಮಾತಲ್ಲ. ಎಂಸಿಬಿ ಇದೆಯಲ್ಲ, ಏನಾದ್ರೂ ಆದ್ರೆ ಬಿದ್ದೋಗುತ್ತೆ. ಇನ್ನೊಂದು ಯಾಕೆ?"

ಬಹಳ ಜನ ಹೀಗೇ ನಂಬಿದ್ದಾರೆ. ಎಂಸಿಬಿ ಕಾಯೋದು ವೈರನ್ನ, ಮನುಷ್ಯರನ್ನಲ್ಲ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಜಾಸ್ತಿ ಕರೆಂಟ್ ಹರಿಯಬೇಕು. ನಮ್ಮ ಪ್ರಾಣ ತೆಗೆಯೋಕೆ ಅದರಲ್ಲಿ ನೂರನೇ ಒಂದು ಭಾಗವೂ ಬೇಡ. ಆರ್‌ಸಿಸಿಬಿ ಮಾಡುವುದು ಬರೀ ಕೂಡಿ ಕಳೆಯುವ ಲೆಕ್ಕ. ಒಂದು ವೈರಿನಲ್ಲಿ ಹೋದ ಕರೆಂಟ್ ಇನ್ನೊಂದರಲ್ಲಿ ಪೂರ್ತಿ ವಾಪಸ್ ಬಂತಾ ಅಂತ ಸದಾ ನೋಡುತ್ತಿರುತ್ತೆ. 30 ಮಿಲಿ ಆಂಪಿಯರಿನಷ್ಟು ಕಮ್ಮಿ ಬಂದರೆ, ಎಲ್ಲೋ ಯಾರ ಮೈಮೇಲೋ ಸೋರಿಹೋಗುತ್ತಿದೆ ಅಂತ ತಿಳಿದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಬಿಡುತ್ತೆ. 60 ವಾಟಿನ ಹಳೇ ಬಲ್ಬು ಎಳೆಯುವ ಕರೆಂಟಿನಲ್ಲಿ ಸುಮಾರು ಒಂಬತ್ತನೇ ಒಂದು ಭಾಗ ಅದು. ಇದನ್ನು ನಾನು ಹೇಳಿದ್ದಕ್ಕಿಂತ ಎಲೆಕ್ಟ್ರಿಷಿಯನ್ ಚೆನ್ನಾಗಿ ಹೇಳಿದರು: "ಯಜಮಾನರೆ, ಡೇರಿಗೆ ಹತ್ತು ಲೀಟರ್ ಹಾಕಿ ಪುಸ್ತಕದಲ್ಲಿ ಒಂಬತ್ತೂವರೆ ಬರೆದ್ರೆ ಸುಮ್ನಿರ್ತೀರಾ? ಇದೂ ಅಷ್ಟೆ." ಅಪ್ಪ ನಕ್ಕರು. ಆದರೂ ಹೂಂ ಅನ್ನಲಿಲ್ಲ.

ಹೂಂ ಅನ್ನಿಸಿದ್ದು ಹಸು. ಮೆಷಿನ್ ಹಾಕಿದಾಗಲೆಲ್ಲ ಪಕ್ಕದಲ್ಲಿ ಕಟ್ಟಿದ ಸೀಮೆಹಸು ಹಗ್ಗ ಜಗ್ಗಿ ಹಿಂದೆ ಸರಿಯುತ್ತಿತ್ತು. ಸದ್ದಿಗೆ ಹೆದರುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದರು. ಎಲೆಕ್ಟ್ರಿಷಿಯನ್ ಅದನ್ನು ನೋಡಿ, "ಸದ್ದಿಗೂ ಇರಬಹುದು. ಆದ್ರೆ ದನಕ್ಕೆ ಚಪ್ಪಲಿ ಇಲ್ಲವಲ್ಲ" ಅಂದರು. ನೆನೆದ ನೆಲ, ನಾಲ್ಕು ಬರಿಗಾಲು, ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಷ್ಟು ದೂರ. ನಮಗೆ ಜುಮ್ ಅನ್ನುವಷ್ಟು ಅವಕ್ಕೆ ಸಾಕಾಗಿಬಿಡುತ್ತೆ. ಅಪ್ಪ ಹಸು ಕಡೆ ನೋಡಿದರು, ಆಮೇಲೆ ಅಮ್ಮನ ಕಾಲಿನ ಕಡೆ ನೋಡಿದರು. "ನಾಳೆನೇ ಶುರು ಮಾಡಿ" ಅಂದರು.

ಕೆಲಸದಲ್ಲಿ ಕಷ್ಟ ಆಗಿದ್ದು ಸಾಕೆಟ್ ಅಲ್ಲ, ಗುಂಡಿ. ಮನೆ ಹಿಂದೆ ತೋಡಿದರೆ ಮೂರಡಿಗೇ ಬಂಡೆ ಸಿಕ್ಕಿತು. ನಮ್ಮದು ವರ್ಷವಿಡೀ ಹರಿಯೋ ಒಂದು ಹೊಳೆಯೂ ಇಲ್ಲದ ಸೀಮೆ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗುವ ಭರವಸೆ ಇಲ್ಲ. ಒಣ ಮಣ್ಣಿನೊಳಗೆ ಕರೆಂಟ್ ಸುಲಭವಾಗಿ ಇಳಿಯಲ್ಲ, ಅದಕ್ಕೇ ಇದ್ದಿಲು, ಉಪ್ಪು, ನೀರು. ಎರಡನೇ ಜಾಗ ತೋರಿಸಿದವರು ಅಪ್ಪ. ಬಟ್ಟೆ ಒಗೆಯೋ ಕಲ್ಲಿನ ನೀರು ಹರಿದು ಹೋಗೋ ಕಡೆ, ತೆಂಗಿನಮರದಿಂದ ಆಚೆಗೆ. "ಇಲ್ಲಿ ಬೇಸಿಗೇಲೂ ತೇವ ಇರುತ್ತೆ" ಅಂದರು. ಎಂಟಡಿ ಪೈಪು ಪೂರ್ತಿ ಇಳಿಯಿತು. ಇಪ್ಪತ್ತು ಅಂಕದ ಚಿತ್ರ ಬರೆದ ನನಗೆ ಆ ಜಾಗ ಹೊಳೆದಿರಲಿಲ್ಲ.

ಗುಂಡಿಯ ವೈರನ್ನು ಬೋರ್ಡಿನ ಆ ಅನಾಥ ಹಸಿರು ವೈರುಗಳಿಗೆ ಸೇರಿಸಿದರು. ಫ್ರಿಜ್ಜು, ವಾಷಿಂಗ್ ಮೆಷಿನ್ನು, ಗೀಸರು, ಎಲ್ಲಕ್ಕೂ ಅವತ್ತೇ ಮೊದಲ ಸಲ ಅರ್ಥ್ ಸಿಕ್ಕಿದ್ದು. ಹೊರಗಿನ ಬಾಕ್ಸನ್ನು ಸೂರಿನ ಕೆಳಗೆ, ಎದೆಮಟ್ಟಕ್ಕೆ ಕೂರಿಸಿ, ಪೈಪನ್ನು ಅಡಿಯಿಂದಲೇ ಒಳಕ್ಕೆ ಕೊಟ್ಟರು. ಮೇಲಿಂದ ಕೊಟ್ಟರೆ ಮಳೆನೀರು ಪೈಪಿನ ಜೊತೆಗೇ ಬಾಕ್ಸಿಗೆ ಇಳಿಯುತ್ತಂತೆ. ಇಂಥದ್ದಕ್ಕೆ ಬಾಕ್ಸ್ ಕೊಳ್ಳುವಾಗ ಐಪಿ 55 ಅಥವಾ ಅದಕ್ಕಿಂತ ಮೇಲೆ ಅಂತ ಬರೆದಿದೆಯಾ ನೋಡಿಕೊಳ್ಳಿ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ.

ಸಂಜೆ ಮೆಷಿನ್ನಿಗೆ ಹೊಸ ಮೂರು ಪಿನ್ ಪ್ಲಗ್ ಹಾಕಿ ಅಪ್ಪನೇ ಸ್ವಿಚ್ ಒತ್ತಿದರು. ಟಪ್ ಅಂತ ಸದ್ದಾಗಿ ಮನೆಯೆಲ್ಲ ಕತ್ತಲಾಯಿತು. ಆರ್‌ಸಿಸಿಬಿ ಎತ್ತಿ ಮತ್ತೆ ಒತ್ತಿದರೆ ಮತ್ತೆ ಟಪ್. "ನೋಡಿದ್ಯಾ? ನಿನ್ನೆವರೆಗೆ ನೆಟ್ಟಗೆ ಓಡ್ತಿತ್ತು. ಹನ್ನೊಂದು ಸಾವಿರ ಹಾಕಿ ಕೆಡಿಸಿದ್ದಾಯ್ತು" ಅಂದರು ಅಪ್ಪ.

ಎಲೆಕ್ಟ್ರಿಷಿಯನ್ ಮಾತ್ರ ಗಾಬರಿಯಾಗಲಿಲ್ಲ. "ಕೆಟ್ಟಿರೋದು ಎರಡು ವರ್ಷದಿಂದ. ಇವತ್ತು ಹೇಳ್ತಿದೆ ಅಷ್ಟೆ" ಅಂದರು. ಮೋಟಾರಿನೊಳಗೆ ವೈಂಡಿಂಗಿನ ಲೇಪ ಸುಟ್ಟು ಒಂದು ಕಡೆ ಮೈಗೆ ತಾಗಿತ್ತು. ಶಿಡ್ಲಘಟ್ಟಕ್ಕೆ ಒಯ್ದು ಮತ್ತೆ ಸುತ್ತಿಸಿದ್ದಕ್ಕೆ ಇನ್ನೊಂದು 2,500. ಅಲ್ಲಿಗೆ ಒಟ್ಟು 13,650 ರೂಪಾಯಿ. ಅಪ್ಪ ವಿಚಾರಿಸಿದ್ದ 1,200ರ ಪ್ಲಗ್ ಹಾಕಿಸಿದ್ದರೆ ಮೆಷಿನ್ ಅವತ್ತೇ ಓಡುತ್ತಿತ್ತು, ಮೊದಲಿನ ಹಾಗೆ ಜುಮ್ ಅನ್ನುತ್ತಲೇ.

ಆ ನಾಲ್ಕು ದಿನ ಅಪ್ಪ ಕುಡುಗೋಲಲ್ಲೇ ಮೇವು ಕತ್ತರಿಸಿದರು, ಒಂದು ಮಾತೂ ಆಡದೆ. ಮೋಟಾರ್ ವಾಪಸ್ ಬಂದ ದಿನ ನಾನು ಬೆಂಗಳೂರಲ್ಲಿದ್ದೆ. ಅಮ್ಮ ಫೋನ್ ಮಾಡಿದಳು. "ಬರಿಗೈಲಿ ಮುಟ್ಟಿದೆ ಕಣೆ, ಏನೂ ಆಗಲಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಾನು ಜುಮ್ ಅನ್ನೋದು ವಯಸ್ಸಿಗೆ ಅಂತಾನೂ ಅಂದ್ಕೊಂಡಿದ್ದೆ" ಅಂದಳು.

ಆ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಊರಿಗೆ ಹೋದಾಗಲೆಲ್ಲ ಬಿಪಿ ಮಾತ್ರೆ ತಗೊಂಡ್ಯಾ, ಮಂಡಿ ನೋವು ಹೇಗಿದೆ ಅಂತ ಕೇಳುತ್ತಿದ್ದೆ. ಮನೆಯಲ್ಲಿ ಯಾವುದನ್ನು ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ಕೇಳಿರಲಿಲ್ಲ. ನೀವೂ ಈ ಸಲ ಊರಿಗೆ ಹೋದಾಗ ಕೇಳಿ ನೋಡಿ. ಗೀಸರಿನ ನಲ್ಲಿಯೋ, ಗ್ರೈಂಡರೋ, ಬೋರಿನ ಸ್ಟಾರ್ಟರ್ ಡಬ್ಬಿಯೋ, ಏನಾದರೂ ಒಂದು ಹೆಸರು ಬಂದೇ ಬರುತ್ತೆ. ಜೊತೆಗೆ "ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಲ್ಲ" ಅನ್ನೋದೂ. ಬಂದರೆ ನೀವೇ ಬಿಚ್ಚೋಕೆ ಹೋಗಬೇಡಿ, ಗೊತ್ತಿರುವವರನ್ನು ಕರೆಸಿ ಮೊದಲು ಮೀಟರ್ ಬೋರ್ಡಿನ ಹಸಿರು ವೈರ್ ಎಲ್ಲಿಗೆ ಹೋಗಿದೆ ಅಂತ ಕೇಳಿ.

ಈಗ ತಿಂಗಳಿಗೊಂದು ಸಲ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುವುದು ಅಪ್ಪನ ಕೆಲಸ. ಟಪ್ ಅಂತ ಬಿದ್ದರೆ ಸರಿ ಇದೆ ಅಂತ ಅರ್ಥ. ಬೇಸಿಗೆಯಲ್ಲಿ ದಿನಾ ಸಂಜೆ ಗುಂಡಿಗೆ ಒಂದು ಬಿಂದಿಗೆ ನೀರು ಹಾಕುವುದು ಅಮ್ಮನ ಕೆಲಸ. ತುಳಸಿಗೆ ಹಾಕಿ ಉಳಿದದ್ದನ್ನು ಅಲ್ಲಿಗೆ ಸುರಿಯುತ್ತಾಳೆ. ಮೆಷಿನ್ ಹತ್ತಿರ ಹೋಗುವಾಗ ಮಾತ್ರ ಈಗಲೂ ಚಪ್ಪಲಿ ಹಾಕಿಕೊಂಡೇ ಹೋಗುತ್ತಾಳೆ. ಬೇಡ ಅಂತ ನಾನೂ ಹೇಳಿಲ್ಲ.