ಅಪ್ಪ ಬರೆದ ‘ನಾಳೆ ಬಾ’

ಕಳೆದ ತಿಂಗಳು ಗೆಳೆಯನೊಬ್ಬನ ದೆವ್ವದ ಕಿರುಚಿತ್ರಕ್ಕೆ ಪೋಸ್ಟರ್ ಮಾಡಬೇಕಿತ್ತು. ಹೆಸರು ‘ನಾಳೆ ಬಾ’. “ಅಕ್ಷರ ನೋಡಿದ್ರೇನೇ ಭಯ ಆಗ್ಬೇಕು” ಅಂದಿದ್ದ.

ಆ ಎರಡು ಪದ ನನಗೆ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಮಳವಳ್ಳಿಯ ನಮ್ಮಜ್ಜಿ ಮನೆ ಬಾಗಿಲ ಮೇಲೂ ಇತ್ತು. ರಾತ್ರಿ ಗೊತ್ತಿರೋರ ದನಿಯಲ್ಲಿ ದೆವ್ವ ಕರೆಯುತ್ತೆ, ಇದನ್ನು ಓದಿ ವಾಪಸ್ ಹೋಗುತ್ತೆ, ಮಾರನೇ ದಿನವೂ ಅದನ್ನೇ ಓದುತ್ತೆ ಅನ್ನೋ ನಂಬಿಕೆ. 2018ರಲ್ಲಿ ಹಿಂದಿಯ ‘ಸ್ತ್ರೀ’ ಸಿನಿಮಾದಲ್ಲೂ ಇಂಥದ್ದೇ ಗೋಡೆಬರಹ ಬಂತು.

ಇಂಗ್ಲಿಷಿನಲ್ಲಿ ರಕ್ತ ಸೋರುವ, ಗೆದ್ದಲು ತಿಂದಂಥ ಫಾಂಟ್‌ಗಳು ರಾಶಿ ರಾಶಿ. ಅಲ್ಲಿರೋದು 26 ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ಆಕಾರ ಬರೆಯಬೇಕು. ಹುಡುಕಿದಾಗ ‘ಬಲೂ ತಮ್ಮ’ನಂಥ ಗುಂಡುಗುಂಡಗಿನ ಫಾಂಟ್ ಸಿಕ್ಕಿತು. ಅದಕ್ಕೆ ದೆವ್ವ ಹೆದರೋದಿರಲಿ, ಮಕ್ಕಳೂ ಹೆದರಲ್ಲ. ಸಾದಾ ಫಾಂಟನ್ನೇ ಕಂಪ್ಯೂಟರಿನಲ್ಲಿ ಕೆಡಿಸಿ ನೋಡಿದೆ. ಅಡಿಬರಹದಲ್ಲಿದ್ದ ‘ಭೂತ’ದ ಸೀಳು ಮುಚ್ಚಿ ‘ಬೂತ’ ಆಯ್ತು. ಹಾಲಿನ ಬೂತ್ ನೆನಪಾಯ್ತೇ ಹೊರತು ಭಯ ಆಗಲಿಲ್ಲ.

ಮದ್ದೂರಿಗೆ ಹೋದೆ. ಅಪ್ಪ ಅಂಗಡಿ ಬೋರ್ಡು, ಲಾರಿ ಬರೆಯುತ್ತಿದ್ದವನು. ಫ್ಲೆಕ್ಸ್ ಬಂದಮೇಲೆ ಬ್ರಷ್ಷುಗಳು ಟ್ರಂಕು ಸೇರಿದವು. ಈಗ ಕೈ ನಡುಗುತ್ತೆ.

“ಅಪ್ಪಾ, ನಿನ್ ಕೈ ನಡುಗುತ್ತಲ್ಲ, ಹಂಗೇ ಬರ್ಕೊಡು. ಸರಿಯಾಗಿರುತ್ತೆ” ಅಂದ್ಬಿಟ್ಟೆ.

ಅಪ್ಪ ಟೀ ಲೋಟ ಕೆಳಗಿಟ್ಟ. “ಮೂವತ್ತು ವರ್ಷ ಗೆರೆ ಸೊಟ್ಟ ಆಗ್ದಂಗೆ ಬರ್ದಿದೀನಿ ಕಣವ್ವಾ. ಕೆಟ್ಟೋಗಿರೋದ್ನ ಕೇಳಕ್ ಬಂದಾ?”

ಆ ರಾತ್ರಿ ಮಾತಿಲ್ಲ. ನನಗೆ ನಿದ್ದೆಯೂ ಇಲ್ಲ. ಅವನ ನಡುಕ ನನ್ನ ಕಣ್ಣಿಗೆ ‘ಎಫೆಕ್ಟ್’ ಆಗಿ ಕಂಡಿತ್ತಲ್ಲ!

ಬೆಳಿಗ್ಗೆ ಎದ್ದರೆ ಅಪ್ಪ ಹಿತ್ತಲಲ್ಲಿದ್ದ. ಕೊಟ್ಟಿಗೆಯ ಸುಣ್ಣದ ಗೋಡೆಗೆ ಎಡಗೈ ಊರಿ, ಅದರ ಮೇಲೆ ಬಲಗೈ ಮಣಿಕಟ್ಟು ಇಟ್ಟುಕೊಂಡಿದ್ದ. ಕಪ್ಪು ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಬಟ್ಟೆಗೆ ಒರೆಸಿ ಒರೆಸಿ, ಹೆಚ್ಚುಕಮ್ಮಿ ಒಣಗಿಸಿ, ನಿಧಾನಕ್ಕೆ ಎಳೆದ. ಗೋಡೆಯ ಉಬ್ಬಿಗೆ ಬಣ್ಣ ಹಿಡಿಯಿತು, ತಗ್ಗಿಗೆ ಹಿಡಿಯಲಿಲ್ಲ. ಅಂಚು ತಾನಾಗಿ ಹರಿದಂತಾಯ್ತು. ಆದರೆ ಹತ್ತು ಅಡಿ ದೂರದಿಂದಲೂ ಸ್ಪಷ್ಟವಾಗಿ ಓದಬಹುದಿತ್ತು.

“ಅಕ್ಷರ ನೆಟ್ಟಗೇ ಇರ್ಬೇಕು. ಕೆಡ್ಸೋ ಕೆಲ್ಸ ಗೋಡೆಗೆ ಬುಡು” ಅಂದ.

ಫೋಟೊ ತೆಗೆದೆ. ಅದನ್ನೇ ಪೋಸ್ಟರಿಗೆ ಹಾಕಿದೆ, ಅಕ್ಷರ ಬರೆದವರು ಅಂತ ಅಪ್ಪನ ಹೆಸರಿನ ಸಮೇತ. ಮುಗಿದ ಮೇಲೆ ಮೊಬೈಲಿನಲ್ಲಿ ತೋರಿಸಿದಾಗ ಹೆಸರಿನ ಕಡೆ ನೋಡಲೇ ಇಲ್ಲ. ಚಿತ್ರ ಹಿಗ್ಗಿಸಿ, ಕಣ್ಣು ಕಿರಿದು ಮಾಡಿ ನೋಡಿದ.

“ಈ ‘ಳೆ’ ಒಸಿ ವಾಲ್ಬುಟ್ಟದೆ ಕಣವ್ವಾ. ನಾಳೆ ಬಾ, ತಿದ್ಕೊಡ್ತೀನಿ.”