ತಲೆಬುಡವಿಲ್ಲದ ಪದ್ಯಗಳ ಊರಿನಲ್ಲಿ

ಆಕ್ಸ್‌ಫರ್ಡ್ ಊರಿನ ದಕ್ಷಿಣದಲ್ಲಿ ಥೇಮ್ಸ್ ನದಿಗೆ ಫಾಲಿ ಬ್ರಿಜ್ ಎಂಬ ಹಳೆಯ ಕಲ್ಲಿನ ಸೇತುವೆಯಿದೆ. ಕಾವೇರಿಯನ್ನು ಕಂಡ ಕಣ್ಣಿಗೆ ಅಲ್ಲಿನ ಥೇಮ್ಸ್ ಒಂದು ದೊಡ್ಡ ನಾಲೆಯಷ್ಟೇ. ಆದರೆ 1862ರ ಜುಲೈ 4ರಂದು ಇಲ್ಲಿಂದ ಹೊರಟ ಒಂದು ಪುಟ್ಟ ದೋಣಿ ಜಗತ್ತನ್ನೆಲ್ಲ ಸುತ್ತಿ ಬಂತು ಎನ್ನಬೇಕು.

ಆ ದೋಣಿಯಲ್ಲಿದ್ದವರು ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತದ ಮೇಷ್ಟ್ರು ಚಾರ್ಲ್ಸ್ ಡಾಡ್ಜ್‌ಸನ್, ಅವರ ಗೆಳೆಯ ಡಕ್‌ವರ್ತ್ ಮತ್ತು ಕಾಲೇಜಿನ ಮುಖ್ಯಸ್ಥ ಲಿಡೆಲ್ ಅವರ ಮೂವರು ಹೆಣ್ಣುಮಕ್ಕಳು. ಗಾಡ್‌ಸ್ಟೋವರೆಗಿನ ಸುಮಾರು 5 ಕಿ.ಮೀ. ದಾರಿ ಬೇಸರವಾಗದಿರಲೆಂದು ಮೇಷ್ಟ್ರು ಕತೆ ಹೇಳಿದರು. ಹತ್ತು ವರ್ಷದ ಆಲಿಸ್ ಅದನ್ನು ಬರೆದುಕೊಡಿ ಎಂದು ಪಟ್ಟುಹಿಡಿದಳು. ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ 1865ರಲ್ಲಿ ಅದು ಪುಸ್ತಕವಾಯಿತು. ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಯನ್ನು ಓದಿದವರಿಗೆ ಈ ಕತೆ ಗೊತ್ತು.

ಸೇತುವೆಯಿಂದ ಹತ್ತು ನಿಮಿಷ ನಡೆದರೆ ಕ್ರೈಸ್ಟ್ ಚರ್ಚ್. ಅಲ್ಲಿನ ಊಟದ ಹಜಾರ ಹ್ಯಾರಿ ಪಾಟರ್ ಸಿನಿಮಾದ ಹಜಾರಕ್ಕೆ ಮಾದರಿಯಾದದ್ದು. ಹಾಗಾಗಿ ಸದಾ ಜನಜಂಗುಳಿ. ಗೋಡೆಯ ಮೇಲಿನ ಡಾಡ್ಜ್‌ಸನ್‌ರ ಚಿತ್ರವನ್ನು ನೋಡುತ್ತ ನಿಂತವನು ನಾನೊಬ್ಬನೇ. 1855ರಿಂದ 1881ರವರೆಗೆ ಇಲ್ಲಿ ಗಣಿತ ಕಲಿಸಿದ, ಉಗ್ಗು ಮಾತಿನ, ಸಂಕೋಚದ ಮನುಷ್ಯ. ಇವರಿಗೇಕೆ ಅರ್ಥವಿಲ್ಲದ ಪದ್ಯಗಳ ಹುಚ್ಚು ಹಿಡಿಯಿತು?

ಆ ಕಾಲದ ಇಂಗ್ಲಿಷ್ ಮಕ್ಕಳು ನೀತಿಪದ್ಯಗಳನ್ನು ಬಾಯಿಪಾಠ ಮಾಡಬೇಕಿತ್ತು. ಕತೆಯ ಆಲಿಸ್ ಅಂಥವನ್ನು ಹೇಳಹೋದಾಗಲೆಲ್ಲ ಬಾಯಿಂದ ಬೇರೇನೋ ಬರುತ್ತದೆ. ದುಡಿಮೆ ಕಲಿಸುವ ಜೇನ್ನೊಣದ ಜಾಗದಲ್ಲಿ ಮೀನು ನುಂಗುವ ಮೊಸಳೆ ಬಂದು ಕೂರುತ್ತದೆ! ಆದರೆ ಛಂದಸ್ಸು ಅದೇ, ಪ್ರಾಸದ ಕಟ್ಟು ಅದೇ. ಬದಲಾದದ್ದು ಅರ್ಥವೊಂದೇ. ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಇದೇ ತಾನೆ? ಉಳಿದೆಲ್ಲವನ್ನೂ ಸ್ಥಿರವಾಗಿಟ್ಟು ಒಂದನ್ನು ಮಾತ್ರ ಬದಲಿಸಿ, ಏನಾಗುತ್ತದೆಂದು ನೋಡುವುದು.

ವಿದ್ಯಾರ್ಥಿಗಳೇ, ಒಂದು ವಾಕ್ಯ ಹೇಳುತ್ತೇನೆ: ‘ಟಿಂಬಳವು ಜೋಪುಣಿಯನ್ನು ಗರುಬಿತು.’ ಯಾವುದು ಗರುಬಿತು? ಟಿಂಬಳ. ಯಾವುದನ್ನು? ಜೋಪುಣಿಯನ್ನು. ಗರುಬಿ ಆಯಿತೋ, ಇನ್ನು ಮುಂದೆಯೋ? ಆಯಿತು. ಒಂದು ಪದಕ್ಕೂ ಅರ್ಥವಿಲ್ಲ, ಆದರೂ ಮೂರಕ್ಕೆ ಮೂರೂ ಅಂಕ! ವಿಭಕ್ತಿ, ಕಾಲ, ಕ್ರಿಯಾಪದ ಎಲ್ಲವೂ ನಿಮ್ಮೊಳಗೆ ಮೊದಲೇ ಕೂತಿವೆ. ಕ್ಯಾರಲ್ 1871ರ ಕೊನೆಗೆ ಪ್ರಕಟಿಸಿದ ‘ಜ್ಯಾಬರ್‌ವಾಕಿ’ ಪದ್ಯ ಇಂಗ್ಲಿಷಿನಲ್ಲಿ ಮಾಡಿದ್ದೂ ಇದನ್ನೇ. ಅದರ ಕೆಲವು ಹುಸಿಪದಗಳು ಈಗ ನಿಘಂಟು ಸೇರಿವೆ.

ಕ್ಯಾರಲ್‌ಗಿಂತ ಮೊದಲೇ, 1846ರಲ್ಲಿ, ಎಡ್ವರ್ಡ್ ಲಿಯರ್ ಇಂಥ ಪದ್ಯಗಳ ಪುಸ್ತಕ ತಂದಿದ್ದರು. ಇಂದು ನಾವು ಲಿಮರಿಕ್ ಎನ್ನುವ ಐದು ಸಾಲಿನ ಪದ್ಯಗಳವು: ಒಂದು, ಎರಡು, ಐದನೆಯ ಸಾಲಿಗೆ ಒಂದು ಪ್ರಾಸ, ಮೂರು ನಾಲ್ಕಕ್ಕೆ ಇನ್ನೊಂದು. ಲಿಯರ್ ಗಿಣಿಗಳನ್ನು ಗರಿಗರಿಯಾಗಿ ನೋಡಿ ಬರೆದ ಚಿತ್ರಕಾರ. ಒಂದು ಗಿಣಿಗೆ ಅವರ ಹೆಸರೇ ಇದೆ. ಒಬ್ಬರು ಗಣಿತದವರು, ಇನ್ನೊಬ್ಬರು ಪಕ್ಷಿಗಳನ್ನು ಅಳೆದು ನೋಡಿದವರು. ನಿಯಮ ಬಲ್ಲವರಿಗೇ ಅದರೊಡನೆ ಆಟವಾಡಲು ಬರುವುದು.

ಕೊನೆಗೆ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೆ ಹೋದೆ. ಗಾಜಿನ ಮಾಡಿನ ಕೆಳಗೆ ಡೋಡೋ ಹಕ್ಕಿಯ ಪ್ರತಿರೂಪವಿದೆ. ಮಾರಿಷಸ್ ದ್ವೀಪದ ಈ ಹಕ್ಕಿ 17ನೇ ಶತಮಾನದಲ್ಲೇ ಅಳಿದುಹೋಯಿತು. ಆಲಿಸಳ ಕತೆಯಲ್ಲಿ ಡೋಡೋ ಎಂದರೆ ಸ್ವತಃ ಮೇಷ್ಟ್ರೇ. ಉಗ್ಗುತ್ತ ತಮ್ಮ ಹೆಸರನ್ನು ‘ಡೋ-ಡೋ-ಡಾಡ್ಜ್‌ಸನ್’ ಎನ್ನುತ್ತಿದ್ದರಂತೆ, ಹಾಗಾಗಿ ಆ ಹೆಸರು ಎಂದು ಹೇಳುವವರಿದ್ದಾರೆ.

ಅಲ್ಲಿ ನಿಂತಾಗ ನನಗೆ ನೆನಪಾದವನು ಸುಮಾರು ಇಪ್ಪತ್ತು ವರ್ಷದ ಹಿಂದಿನ ಒಂಬತ್ತನೇ ತರಗತಿಯ ಒಬ್ಬ ಹುಡುಗ. ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅವನೊಂದು ಪದ್ಯ ಗೀಚಿದ್ದ. ಅಯಸ್ಕಾಂತವೊಂದು ಸಂತೆಗೆ ಹೋಗುತ್ತದೆ. ಅಂಗಡಿಯ ಕಬ್ಬಿಣದ ತೂಕದ ಬಟ್ಟುಗಳೆಲ್ಲ ಅದರ ಬೆನ್ನಿಗೆ ಅಂಟಿಕೊಂಡು ಊರು ಬಿಡುತ್ತವೆ. ಹಿತ್ತಾಳೆಯ ತಟ್ಟೆ ಮಾತ್ರ ಅಲ್ಲೇ ಉಳಿದು ಅಳುತ್ತದೆ. ನಾನು ಕೆಂಪು ಶಾಯಿಯಲ್ಲಿ ‘ತಲೆಬುಡವಿಲ್ಲ’ ಎಂದು ಅಡ್ಡಗೆರೆ ಎಳೆದು, ಅವನನ್ನು ಒಂದು ಪೀರಿಯಡ್ ಹೊರಗೆ ನಿಲ್ಲಿಸಿದೆ. ಮತ್ತೆ ಅವನು ಏನನ್ನೂ ಬರೆದುದನ್ನು ನಾನು ಕಾಣಲಿಲ್ಲ.

ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹುಡುಗ ಪಾಠವನ್ನು ಪೂರ್ತಿ ಅರಿತಿದ್ದ. ಅರಿಯದವನು ನಾನು.

ತಂದೆತಾಯಂದಿರಲ್ಲಿ ಒಂದೇ ಬಿನ್ನಹ. ನಿಮ್ಮ ಮಗು ತಲೆಬುಡವಿಲ್ಲದ್ದೇನನ್ನೋ ಪ್ರಾಸ ಕಟ್ಟಿ ಹಾಡಿದರೆ ‘ಹಾಗೆಂದರೇನು?’ ಎಂದು ಗದರಬೇಡಿ. ‘ಆಮೇಲೆ?’ ಎಂದು ಕೇಳಿ.