ಎರಿ ಬಾಯಿ ಬಿಡುವ ರಾತ್ರಿ

ಟಕ್.

ರಾತ್ರಿ ಎರಡು ಗಂಟೆ, ಕರೆಂಟು ಹೋಗಿದೆ. ಏಪ್ರಿಲ್ಲಿನ ಇಂಡಿ, ಹಗಲೆಲ್ಲ ಕುಡಿದ ಬಿಸಿಲನ್ನು ಗೋಡೆಗಳು ಈಗ ಉಗುಳುತ್ತಿವೆ. ಬೆವರಿನಲ್ಲಿ ಹೊರಳುತ್ತಿದ್ದ ನೀವು ಕಿವಿ ನಿಮಿರಿಸುತ್ತೀರಿ. ಪಕ್ಕದ ಕೋಣೆ. ಒಣ ಕಡ್ಡಿ ಮುರಿದಂಥ ಸಪ್ಪಳ. ಹಲ್ಲಿಯಲ್ಲ, ಇಲಿಯಲ್ಲ. ಮತ್ತೆ ಟಕ್.

ಬರಿಗಾಲಲ್ಲೇ ಓಡುತ್ತೀರಿ. ಬಾಗಿಲು ತೆರೆದೊಡನೆ ಫೆವಿಕಾಲ್‌ನ ಹುಳಿವಾಸನೆ ಮೂಗಿಗೆ ಬಡಿಯುತ್ತದೆ. ಮೊಬೈಲಿನ ಬೆಳಕು ನಾಲ್ಕಡಿ ಉದ್ದದ ಪ್ಲೈವುಡ್ ಹಲಗೆಯ ಮೇಲೆ ಬೀಳುತ್ತದೆ. ಮೂರು ವಾರ ಕೂತು ಕಟ್ಟಿದ ಇಂಡಿ ರೋಡ್ ಟೇಶನ್ನಿನ ಮಾದರಿ ಅದು, ನಿಜದ್ದರ 87ರಲ್ಲಿ ಒಂದು ಪಾಲು. ಸಂಜೆ ಎಣ್ಣೆ ಸವರಿದ ಎಮ್ಮೆಯ ಬೆನ್ನಿನಂತೆ ಮಿರುಗುತ್ತಿದ್ದ ಎರಿ ಎಂಬ ಕಪ್ಪು ಮಣ್ಣು ಈಗ ಸೀಳಿದೆ. ಬಿರುಕು ಹೊಲದಿಂದ ಹೊರಟು, ಹಳಿಯ ಕೆಳಗೆ ನುಸುಳಿ, ಪ್ಲಾಟ್‌ಫಾರ್ಮಿನ ಬುಡ ಮುಟ್ಟಿದೆ. ಹಂಚಿನ ಮೇಲೆ ಮರೆತ ರೊಟ್ಟಿಯಂತೆ ಅಂಚು ಮೇಲೆದ್ದಿದೆ, ಸ್ಲೀಪರುಗಳನ್ನೂ ಎತ್ತಿಕೊಂಡೇ ಎದ್ದಿದೆ.

12 ಮಿಲಿಮೀಟರಿಗೆ ಕತ್ತರಿಸಿಟ್ಟ ತಗಡಿನ ತುಂಡನ್ನು ಹಳಿಗಳ ನಡುವೆ ಇಡುತ್ತೀರಿ. ಬಿಗಿಯಾಗಿ ಕೂರಬೇಕಾದದ್ದು ಸಲೀಸಾಗಿ ಒಳಗೆ ಬೀಳುತ್ತದೆ. ಹಳಿ ಅಗಲಿದೆ. ಇದರ ಮೇಲೆ ಯಾವ ಗಾಲಿಯೂ ನಿಲ್ಲುವುದಿಲ್ಲ.

ಆ 12 ಮಿಲಿಮೀಟರು ನೀವೇ ಹಟ ಹಿಡಿದು ಆರಿಸಿಕೊಂಡದ್ದು. ಪೇಟೆಯಲ್ಲಿ ಈ ಅಳತೆಗೆ ಸಿಗುವ ಎಚ್‌ಓ ಹಳಿಯ ಅಗಲ 16.5. ಅದನ್ನೇ ತಂದಿದ್ದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ನಿಮಗೆ ಬೇಕಾದದ್ದು ಅಜ್ಜ ಕುಳಿತು ಹೋದ ಮೀಟರ್ ಗೇಜ್. 1876-78ರ ಬರದಲ್ಲಿ ಈ ಸೀಮೆ ಕಾಳಿಲ್ಲದೆ ಸತ್ತ ಮೇಲೆ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. 1884ಕ್ಕೆ ಹೊಟಗಿಯಿಂದ ಗದಗಿನವರೆಗೆ ಹಳಿ ಬಿತ್ತು. ಬರದ ಲೈನು ಎಂದೇ ಹಾಕಿದ ಹಳಿ. ಊರಿಗೂ ಟೇಶನ್ನಿಗೂ ನಡುವೆ ಮೈಲಿಗಟ್ಟಲೆ ಹೊಲ. ಅದಕ್ಕೇ ಹೆಸರಿನ ಬಾಲಕ್ಕೆ 'ರೋಡ್'. ಮೀಟರನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರ್ ಬರುತ್ತದೆ, ಮಾದರಿ ಕಟ್ಟುವವರು 12 ಎನ್ನುತ್ತಾರೆ. ಆ ಕಾಲದ ಮರದ ಸ್ಲೀಪರ್ ಆರಡಿ ಉದ್ದ. ಅಳೆದು ನೋಡಿದಾಗ ಕುಣಿದಾಡಿದ್ದಿರಿ: ಒಂದು ಬೆಂಕಿಕಡ್ಡಿಯನ್ನು ನಡುವೆ ಕತ್ತರಿಸಿದರೆ ಎರಡು ಸ್ಲೀಪರ್! ಹಾಗೆ ಕತ್ತರಿಸಿ, ಚಹಾದ ನೀರಿನಲ್ಲಿ ಅದ್ದಿ, ಅಂಟಿಸಿದವು ನೂರೈವತ್ತು. ಬೆರಳ ತುದಿಗಳು ಇನ್ನೂ ಉರಿಯುತ್ತಿವೆ.

ಈಗ ನೆನಪಾಗುತ್ತದೆ, ಓಣಿಯ ಕಾಕಾ ಹೇಳಿದ್ದು. ಮೂವತ್ತು ವರ್ಷ ರೈಲ್ವೆ ಗ್ಯಾಂಗಿನಲ್ಲಿ ದುಡಿದ ಕೈ. ಸಂಜೆ ನೀವು ಎರಿ ಮಣ್ಣಿಗೆ ಅಂಟುನೀರು ಕಲಸಿ ಬೆರಳು ದಪ್ಪ ಬಳಿಯುವಾಗ ಹೊಸ್ತಿಲಲ್ಲಿ ನಿಂತು ನೋಡಿದ್ದರು.

"ಏ ತಮ್ಮಾ, ಎರಿ ಮ್ಯಾಲ ಹಂಗ ಹಳಿ ಹಾಕಬ್ಯಾಡೋ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಬಾಯಿ ಬಿಡತೈತಿ. ನಾವು ಮದಲ ಗರಸು ಹಾಸತಿದ್ವಿ."

"ಇದು ಆಟಗಿ ರೈಲ್ರೀ ಕಾಕಾ," ಎಂದು ನಕ್ಕಿದ್ದಿರಿ.

"ರೈಲ್ ಆಟಗಿದು. ಮಣ್ಣು?"

ಮಣ್ಣು ನಿಜದ್ದೇ. ಇಂಜಿನನ್ನು, ಡಬ್ಬಿಯನ್ನು, ಟೇಶನ್ ಮಾಸ್ತರರನ್ನು 87ರಿಂದ ಭಾಗಿಸಬಹುದು. ಎರಿಯನ್ನು ಆಗುವುದಿಲ್ಲ. ನೀರು ಕುಡಿದರೆ ಹಿಗ್ಗುವ, ಒಣಗಿದರೆ ಕುಗ್ಗುವ ಅದರ ಜೇಡಿ ಹಲಗೆಯ ಮೇಲೂ ಹೊಲದಷ್ಟೇ ಬಲವಾಗಿ ಎಳೆಯುತ್ತದೆ.

ಏನು ಮಾಡುತ್ತೀರಿ? ಬಿರುಕಿಗೆ ಇನ್ನಷ್ಟು ಮಣ್ಣು ಮೆತ್ತಬಹುದು, ಬೆಳಗಿಗೆ ಕಾಣದಂತೆ. ಆದರೆ ನಾಳಿದ್ದು ಇನ್ನೊಂದು ಕಡೆ ಟಕ್ ಅನ್ನುತ್ತದೆ. ಇಲ್ಲವೇ ಹಳಿ ಸಮೇತ ಕೀಳಬೇಕು. ಗಂಟಲು ಒಣಗುತ್ತದೆ. ಮೂರು ವಾರ. ನೂರೈವತ್ತು ಅರೆಗಡ್ಡಿಗಳು. ಕೊನೆಗೆ ಒಲೆ ಹಚ್ಚಿ ನೀರು ಕಾಯಿಸುತ್ತೀರಿ. ಉಗುರುಬೆಚ್ಚನೆ ನೀರು ಹನಿಸಿ, ಅಂಟು ಮೆತ್ತಗಾಗುವವರೆಗೆ ಕಾದು, ಪೇಂಟರರ ಪುಟ್ಟಿ ಪಟ್ಟಿಯನ್ನು ಹಳಿಯಡಿ ತೂರಿಸುತ್ತೀರಿ. ಒತ್ತಿ. ಮೆಲ್ಲಗೆ. ಒಂದು ಸ್ಲೀಪರ್ ಮುರಿಯುತ್ತದೆ. ಇನ್ನೊಂದು. ಉಸಿರು ಬಿಗಿ. ಹಳಿ ಬಾಗುತ್ತಿದೆ. ಬಿಡಿ, ಬಿಡಿ! ಕೈ ತೆಗೆದು, ಮತ್ತೆ ನೀರು, ಮತ್ತೆ ಪಟ್ಟಿ. ಕೋಳಿ ಕೂಗುವ ಹೊತ್ತಿಗೆ ಹಳಿ ಇಡಿಯಾಗಿ ಎದ್ದು ಬರುತ್ತದೆ. ಕೈ ಗಡಗಡ ನಡುಗುತ್ತಿದೆ.

ಹಲಗೆಯ ತುದಿಯ ಹೊಲವನ್ನು ಮಾತ್ರ ನೀವು ಕೀಳುವುದಿಲ್ಲ. ಅಲ್ಲಿಯೂ ಬಿರುಕಿದೆ, ಒಂದು ಮಿಲಿಮೀಟರ್ ಅಗಲ. ನಿಜದ ಲೆಕ್ಕಕ್ಕೆ ಎಂಟೂವರೆ ಸೆಂಟಿಮೀಟರಿಗೂ ಮಿಗಿಲು. ಜೋಳ ಕೊಯ್ದ ಮೇಲೆ ಏಪ್ರಿಲ್ಲಿನಲ್ಲಿ ಇಂಡಿಯ ಹೊಲ ಇರುವುದೇ ಹೀಗೆ. ಹಳಿಯ ಕೆಳಗೆ ಶಾಪವಾದದ್ದು ಇಲ್ಲಿ ಯಾರ ಕೈಗೂ ಬಾರದ ಕುಸುರಿ. ಪರದೇಶದಿಂದ ತರಿಸುವ ಪ್ಯಾಕೆಟ್ಟಿನ ಹಸಿರು ಪುಡಿ ಇಲ್ಲಿ ಉದುರಿಸಿದರೆ, ನನ್ನ ಮಟ್ಟಿಗೆ, ಅದು ಶುದ್ಧ ಸುಳ್ಳು.

ಮರುದಿನ ಕೆಂಪು ಗರಸು ತಂದು ಜರಡಿ ಹಿಡಿದು ತೆಳುವಾಗಿ ಹಾಸುತ್ತೀರಿ. ಅದು ಉಬ್ಬುವುದಿಲ್ಲ, ಬಿರಿಯುವುದಿಲ್ಲ. ಎರಿ ಈಗ ಪುಡಿಯಷ್ಟೇ: ಹಂಚಿನಲ್ಲಿ ಹುರಿದು, ಅರಿವೆಯಲ್ಲಿ ಕಟ್ಟಿ, ಹಸಿ ಬಣ್ಣದ ಮೇಲೆ ಧೂಳಿನಂತೆ ಝಾಡಿಸಿದ್ದು. ಹುರಿಯುವಾಗ ಮೊದಲ ಮಳೆಯ ವಾಸನೆ ಮನೆ ತುಂಬುತ್ತದೆ. ಮನೆಯಾಕೆ ರೊಟ್ಟಿ ಹಂಚಿಗಾಗಿ ಜಗಳಕ್ಕೆ ಬರುತ್ತಾಳೆ. ಅದು ಬೇರೆ ಕಥೆ.

ಹಳಿ ಗರಸಿನ ಮೇಲೆ ಮರಳಿ ಕೂತಿತು. ಇನ್ನು ಖಡಿ. ನಿಜದ ಹಳಿಯಲ್ಲಿ ನಾಲ್ಕು ಸೆಂಟಿಮೀಟರಿನ ಕಲ್ಲಾದರೆ ಇಲ್ಲಿ ಅದು ಅರ್ಧ ಮಿಲಿಮೀಟರೂ ಇಲ್ಲ. ಅಂದರೆ ಚಿರೋಟಿ ರವೆ. ರವೆಯನ್ನೇ ಹಾಕಿದರೆ ಇರುವೆಗಳು ಹಳಿ ಕಿತ್ತುಕೊಂಡು ಹೋಗುತ್ತವೆ. ಹಾಗಾಗಿ ಕ್ರಷರಿನ ಕರಿಕಲ್ಲಿನ ಪುಡಿಯನ್ನು ಹಿಟ್ಟಿನ ಸಾಣಿಗಿಯಲ್ಲಿ ಜರಡಿ ಹಿಡಿಯುತ್ತೀರಿ. (ರವೆಗೂ ಕೆಲಸವಿದೆ. ಅರಿಸಿನ ಹಚ್ಚಿದ ಒಂದೊಂದು ಕಾಳು ಒಣ ತುಳಸಿ ಕಡ್ಡಿಯ ಗಿಡದಲ್ಲಿ ಇಂಡಿಯ ಲಿಂಬೆಹಣ್ಣು. ಸಾಸಿವೆ ಅಂಟಿಸಿದರೆ ಕುಂಬಳಕಾಯಿ ಆಗುತ್ತದೆ.)

ಒಂದು ನಿಮಿಷ. ಪುಡಿ ಸುರಿಯುವ ಮೊದಲು ಹಳೆ ಸ್ಪೀಕರಿನ ಆಯಸ್ಕಾಂತವನ್ನು ಅರಿವೆಯಲ್ಲಿ ಸುತ್ತಿ ಅದರೊಳಗೆ ಆಡಿಸಿ. ಎತ್ತಿ ನೋಡಿ. ಅರಿವೆಗೆ ಕಪ್ಪು ಮೀಸೆ ಬೆಳೆದಿದೆ! 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಈ ಕಲ್ಲಿನಲ್ಲಿ ಕಬ್ಬಿಣದ ಮ್ಯಾಗ್ನೆಟೈಟ್ ಇದೆ. ಅದನ್ನು ಹಾಗೇ ಬಿಟ್ಟರೆ ಇಂಜಿನ್ ಓಡಿದಂತೆಲ್ಲ ಮೋಟರಿನ ಆಯಸ್ಕಾಂತ ಕಣಕಣವಾಗಿ ಹೀರಿಕೊಂಡು ಒಂದು ದಿನ ಕರಕರ ಎಂದು ನಿಲ್ಲುತ್ತದೆ. ಮೀಸೆ ಬಾರದಾಗುವವರೆಗೆ ಆಡಿಸುತ್ತೀರಿ.

ಚಮಚದಿಂದ ಸುರಿದು, ಬ್ರಷ್ಷಿನಿಂದ ಸ್ಲೀಪರುಗಳ ನಡುವೆ ಇಳಿಸಿದ್ದಾಯಿತು. ಸಿರಿಂಜಿನಲ್ಲಿ ಅರ್ಧ ಫೆವಿಕಾಲ್, ಅರ್ಧ ನೀರು. ಮೊದಲ ಹನಿ ಖಡಿಯೊಳಗೆ ಇಳಿಯದೆ ಪಾದರಸದಂತೆ ಗುಂಡಗೆ ಉರುಳಿ ಕುಳಿ ತೋಡುತ್ತದೆ. ನಿಲ್ಲಿಸಿ! ಪಾತ್ರೆ ತೊಳೆಯುವ ಸೋಪು ಒಂದು ಹನಿ ಬೆರೆಸಿದ ನೀರನ್ನು ಮೊದಲು ಮಂಜಿನಂತೆ ಸಿಂಪಡಿಸಬೇಕಿತ್ತು. ಸಿಂಪಡಿಸುತ್ತೀರಿ. ಈಗ ಹನಿ ಬಿಟ್ಟರೆ ತಾನೇ ಹರಡಿ ಒಳಗಿಳಿಯುತ್ತದೆ. ಹಳಿ ಕವಲೊಡೆಯುವ ಪಾಯಿಂಟಿನ ಹತ್ತಿರ ಬರುವಾಗ ಉಸಿರೇ ನಿಲ್ಲುತ್ತದೆ. ಅಲ್ಲಾಡುವ ಅಲಗಿಗೆ ಅಂಟು ತಗುಲಿದರೆ ಲೂಪ್ ಲೈನಿಗೆ ಇನ್ನೆಂದೂ ಗಾಡಿ ಹೊರಳುವುದಿಲ್ಲ. ಹನಿ ಜಾರುತ್ತಿದೆ. ಟಿಶ್ಯೂ! ಎಲ್ಲಿ? ಅಂಗಿಯ ತುದಿಯನ್ನೇ ಒತ್ತುತ್ತೀರಿ. ಉಳಿಯಿತು.

ಒಂದು ಹಗಲು, ಒಂದು ರಾತ್ರಿ. ಟಕ್ ಅನ್ನುವುದಿಲ್ಲ.

ಹಳಿಯ ನೆತ್ತಿ ಒರೆಸಿ ಕರೆಂಟು ಕೊಡುತ್ತೀರಿ. ಗಂಟೆಗೆ 40 ಕಿಲೋಮೀಟರಿನ ಓಟ ಇಲ್ಲಿ ಸೆಕೆಂಡಿಗೆ ಹದಿಮೂರು ಸೆಂಟಿಮೀಟರಿನ ತೆವಳು. ಇಂಜಿನ್ ಪಾಯಿಂಟ್ ದಾಟುತ್ತದೆ, ಬಿರಿದ ಹೊಲದ ಪಕ್ಕ ಸಾಗುತ್ತದೆ. ಕಾಕಾ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಹಳಿಯ ಸಮಕ್ಕೆ ನೋಡುತ್ತಾರೆ. ಅರ್ಧ ಶತಮಾನದ ಹಿಂದೆ ಲೈನಿನ ಮೇಲೆ ಹೀಗೆಯೇ ನೋಡಿರಬೇಕು.

"ಎಡಗಡೆ ಖಡಿ ಕಮ್ಮಿ ಬಿದ್ದೈತಿ. ಇನ್ನೊಂದು ಬುಟ್ಟಿ ಹಾಕು."

"ಆತ್ರೀ ಕಾಕಾ."

ಇಪ್ಪತ್ತು ಲೀಟರಿನ ಬುಟ್ಟಿ ಈ ಅಳತೆಯಲ್ಲಿ ಒಂದು ಹನಿ ನೀರಿಗಿಂತ ಹೆಚ್ಚಲ್ಲ.